ಒಂದು ನಂಬರು ದೊಡ್ಡದು

ಕೇಳುವವರಿಗೆ ಅದು ಬರೀ ಒಂದು ಕಾರಿನ ಸದ್ದು. ಮೊದಲನೇ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಕರ್ರ್ ಎಂದು ಒಮ್ಮೆ ಹಲ್ಲು ಕಡಿದು, ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಹೋಗುವ ಸದ್ದು. ಆದರೆ ಬೀದಿಯ ಕೊನೆಯ ಮನೆಯಲ್ಲಿ ಅದು ಕೇಳಿಸಿದಾಗಲೆಲ್ಲ ಅಡುಗೆಮನೆಯಲ್ಲಿದ್ದ ಮಗಳು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಬಿಡುತ್ತಿದ್ದಳು. ಸ್ಟಿಯರಿಂಗ್ ಹಿಡಿದಿದ್ದವರು ಅವಳ ಅಪ್ಪ. ಊರೆಲ್ಲ 'ಗೇರ್ ಮೇಷ್ಟ್ರು' ಎಂದು ಕರೆಯುವ ಮನುಷ್ಯ.

ಮೇಷ್ಟ್ರು ಡ್ರೈವಿಂಗ್ ಶಾಲೆ ನಡೆಸಿದವರು. ಬೇಕರಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಅರ್ಧ ಊರು ಅವರ ಪಕ್ಕದಲ್ಲಿ ಕೂತು ಕ್ಲಚ್ ಒತ್ತುವುದನ್ನು ಕಲಿತಿತ್ತು. ಅವರು ಕಲಿಸುತ್ತಿದ್ದದ್ದು ಒಂದೇ ಪಾಠ. "ಗೇರನ್ನ ದಬ್ಬಬೇಡಿ, ಕರೀರಿ. ಕರೆದ್ರೆ ಅದೇ ಬರುತ್ತೆ. ಬದಲಾಯಿಸಿದ್ದು ಪಕ್ಕದವರಿಗೆ ಗೊತ್ತಾಗಬಾರದು." ಬಾಯಿಬಿಟ್ಟು ಹೊಗಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಶಿಷ್ಯ ಪಾಸಾದನೆಂದರೆ ಬೆರಳಿನ ಗೆಣ್ಣಿನಿಂದ ಡ್ಯಾಶ್‌ಬೋರ್ಡನ್ನು ಟಕ್ ಟಕ್ ಎಂದು ಎರಡು ಸಲ ಕುಟ್ಟುತ್ತಿದ್ದರು. ಅಲ್ಲಿಗೆ ಪದವಿ ಪ್ರದಾನ ಮುಗಿಯಿತು.

ಆ ಟಕ್ ಟಕ್ ಸಿಗದೇ ಹೋದದ್ದು ಸ್ವಂತ ಮಗಳಿಗೆ. ಅವಳಿಗೆ ಎರಡನೇ ಗೇರಿನ ಮೇಲೆ ಅದೇನು ಅವಸರವೋ, ಹಾಕಿದಾಗಲೆಲ್ಲ ಎಳೆದಾಡುತ್ತಿದ್ದಳು. ಕೊನೆಗೆ ಮುನಿಸಿಕೊಂಡು, ಬಸ್ ನಿಲ್ದಾಣದ ಹತ್ತಿರದ ಇನ್ನೊಂದು ಡ್ರೈವಿಂಗ್ ಶಾಲೆಗೆ ಸೇರಿ ಲೈಸೆನ್ಸ್ ತಂದು ಅಪ್ಪನ ಊಟದ ತಟ್ಟೆಯ ಪಕ್ಕ ಇಟ್ಟಿದ್ದಳು. ಅಪ್ಪ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ಫೋಟೋ ಚೆನ್ನಾಗಿ ಬಂದಿದೆ" ಎಂದಿದ್ದರು. ಇಂದಿಗೂ ಇಬ್ಬರೂ ಅದನ್ನು ತಮಾಷೆಯೆಂಬಂತೆ ಹೇಳಿಕೊಳ್ಳುತ್ತಾರೆ. ಇಬ್ಬರಿಗೂ ಅದು ತಮಾಷೆಯಲ್ಲ.

ಇನ್ನು ಆ ಕಾರಿನ ವಿಷಯ. ಜೀವಮಾನವೆಲ್ಲ ಮೇಷ್ಟ್ರು ಕೂತದ್ದು ಪಕ್ಕದ ಸೀಟಿನಲ್ಲಿ, ತಮ್ಮ ಕಾಲಿನ ಕೆಳಗೂ ಒಂದು ಬ್ರೇಕು ಇಟ್ಟುಕೊಂಡು, ಬೇರೆಯವರ ತಪ್ಪಿಗೆ ಕಾಯುತ್ತ. ಶಾಲೆ ಮುಚ್ಚಿದ ವಾರವೇ ಅವರು ಹೋಗಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು ತಂದರು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಮೈ, ಟೊಮೇಟೊ ಕೆಂಪು ಬಣ್ಣ, ಹಿಡಿಯಲ್ಲಿ ಕೂರುವ ಗಿಡ್ಡ ಗೇರು ಕೋಲು. "ಇದರಲ್ಲಿ ಮೊಮ್ಮಕ್ಕಳನ್ನ ಎಲ್ಲಿ ಕೂರಿಸ್ತೀರಿ?" ಎಂದು ಮಗಳು ಕೇಳಿದ್ದಕ್ಕೆ, "ಮನೇಲಿ" ಎಂದಿದ್ದರು. ಪ್ರತಿದಿನ ಸಂಜೆ ಗುಡ್ಡದ ರಸ್ತೆ ಹತ್ತಿ ಇಳಿದು ಬರುತ್ತಿದ್ದರು. ಬಂದಾಗ ಮುಖದಿಂದ ಹತ್ತು ವರ್ಷ ಉದುರಿಹೋಗಿರುತ್ತಿತ್ತು.

ಆಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಗೇರು ಹಾಕುವ ಕೈಯ ಮಣಿಕಟ್ಟೇ ಮುರಿಯಿತು. ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದವರು ಮಾರನೇ ದಿನವೇ ಕಾರು ಹತ್ತಿದರು. ಬೀದಿಯ ತಿರುವಿನಲ್ಲಿ ಕರ್ರ್. ಮರುದಿನವೂ ಕರ್ರ್. ಬೇಕರಿಯವನು ಅಂಗಡಿಯಿಂದ ತಲೆ ಹೊರಗೆ ಹಾಕಿ ನೋಡಿ, ಮೇಷ್ಟ್ರೆಂದು ತಿಳಿದು, ನೋಡದವನಂತೆ ತಲೆ ಒಳಗೆ ಎಳೆದುಕೊಂಡನಂತೆ. ಅವರಿಗೆ ಸದ್ದಿಗಿಂತ ಅದೇ ಹೆಚ್ಚು ಚುಚ್ಚಿತು.

"ಕೈ ಹೋಯ್ತು" ಎಂದರು ಊಟಕ್ಕೆ ಕೂತಾಗ. "ಅಷ್ಟೇ. ಹಲ್ಲಿನ ಡಾಕ್ಟರು ಕೇಳ್ತಾನೇ ಇದ್ರು, ನಿಮಗೆ ಬೇಡ ಅನ್ನಿಸಿದ ದಿನ ನನಗೆ ಕೊಡಿ ಅಂತ. ಭಾನುವಾರ ಬೆಳಿಗ್ಗೆ ಬಂದು ತಗೊಂಡು ಹೋಗಿ ಅಂದಿದ್ದೀನಿ."

"ಅಪ್ಪಾ, ಇನ್ನೊಂದು ತಿಂಗಳು ನೋಡಬಹುದಲ್ಲ?"

"ನೋಡಕ್ಕೆ ಏನಿದೆ? ಕೇಳಿಸ್ತಾ ಇದೆಯಲ್ಲ."

ಅಳಿಯ ತಟ್ಟೆ ನೋಡುತ್ತ ಕೂತಿದ್ದ. ಮಕ್ಕಳಿಬ್ಬರೂ ಒಂದು ನಂಬರು ದೊಡ್ಡ ಶೂ ಹಾಕಿಕೊಂಡು ಪಟಪಟನೆ ಸದ್ದು ಮಾಡುತ್ತ ಮನೆಯೆಲ್ಲ ಓಡಾಡುತ್ತಿದ್ದವು. ಶೂ ದೊಡ್ಡದಾಗಿರುವುದಕ್ಕೆ ಕಾರಣವಿತ್ತು. ಅಳಿಯನದು ಚಪ್ಪಲಿ ಅಂಗಡಿ. ಬೆಳೆಯುವ ಕಾಲು, ಇರಲಿ ಒಂದು ನಂಬರು ದೊಡ್ಡದು ಎಂಬುದು ಅವನ ವ್ಯಾಪಾರದ ಮಾತು ಮಾತ್ರವಲ್ಲ, ಬದುಕಿನ ಸಿದ್ಧಾಂತ. ಆ ಮನೆಯ ಕುಕ್ಕರು ದೊಡ್ಡದು, ಛತ್ರಿ ದೊಡ್ಡದು, ಮದುವೆಯಲ್ಲಿ ಅವಳಿಗೆ ತೊಡಿಸಿದ ಉಂಗುರವಂತೂ ಹೆಬ್ಬೆರಳಿಗೆ ಸರಿಹೋಗುವಷ್ಟಿತ್ತು.

ಡಾಕ್ಟರಿಗೆ ಕೊಡುವ ಮುಂಚೆ ಪೆಟ್ರೋಲ್ ತುಂಬಿಸಿಕೊಂಡು ಬಾ ಎಂದು ಶುಕ್ರವಾರ ಅಪ್ಪ ಕೀಲಿಕೈಯನ್ನು ಮಗಳಿಗೆ ಕೊಟ್ಟರು. ತಾವೇ ಹೋಗಬಹುದಿತ್ತು. ಬೇಕರಿಯ ಮುಂದೆ ಹಾಯುವುದು ಬೇಡವಾಗಿತ್ತು.

ಅವಳು ಉಸಿರು ಬಿಗಿಹಿಡಿದು, ಅಪ್ಪನ ಪಾಠವನ್ನೆಲ್ಲ ನೆನಪಿಗೆ ತಂದುಕೊಂಡು, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ ಎರಡನೇ ಗೇರನ್ನು ಕರೆದಳು. ಕರ್ರ್. ಹಿಂದಕ್ಕೆ ಬರುವಾಗಲೂ ಕರ್ರ್. ಶೆಡ್ಡಿನೊಳಗೆ ನಿಲ್ಲಿಸಿ, ಕೀಲಿ ತಿರುಗಿಸಿ ಆರಿಸಿ, ಅಲ್ಲೇ ಕೂತು ಯೋಚಿಸಿದಳು. ಅವಳು ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಬಟ್ಟೆ ತುಂಬಿದ ವ್ಯಾನನ್ನು ದಿನವೂ ಬೆಳಿಗ್ಗೆ ಸಂಜೆ ಊರು ಸುತ್ತಿಸುವವಳೂ ಅವಳೇ. ಆ ಮುದಿ ವ್ಯಾನಿನಲ್ಲಿ ಬಾರದ ಸದ್ದು ಈ ಅರಸುಕುಮಾರನಂಥ ಕಾರಿನಲ್ಲಿ ತನ್ನ ಕೈಗೂ ಬರಬೇಕಾದರೆ?

"ಅಪ್ಪಾ, ಸದ್ದು ನಿಮ್ಮ ಕೈಯದಲ್ಲ. ನನಗೂ ಬಂತು."

ಅಪ್ಪ ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ನಿನಗೆ ಬರದೇ ಇದ್ದದ್ದು ಯಾವತ್ತು?"

ಲೋಕದಲ್ಲಿ ಯಾರ ಕೈಯನ್ನು ಬೇಕಾದರೂ ಸಾಕ್ಷಿಗೆ ಕರೆಯಬಹುದಿತ್ತು, ಅವಳದನ್ನು ಬಿಟ್ಟು.

ಕೀಲಿಕೈ ತೂಗುಹಾಕಲು ಶೆಡ್ಡಿಗೆ ಹೋದಾಗ ಅವಳ ಕಣ್ಣು ಕಪಾಟಿನ ಮೇಲಿದ್ದ ಡಬ್ಬಿಯ ಮೇಲೆ ಬಿತ್ತು. ಹಳೆಯ ಮೆಕ್ಯಾನಿಕ್ಕು ಈ ಕಾರಿಗೆ ಗೇರ್ ಎಣ್ಣೆ ಹಾಕಿ ಖಾಲಿ ಮಾಡಿದ ಡಬ್ಬಿ. ಅವನು ಅಂಗಡಿ ಮುಚ್ಚಿ ಮಗನ ಊರಿಗೆ ಹೋದಮೇಲೆ ಅಪ್ಪ ಅದರಲ್ಲಿ ಮೊಳೆ ತುಂಬಿಟ್ಟಿದ್ದರು. ಅಪ್ಪನಿಗೆ ಕಾರಿನ ಮೇಲಿನದೆಲ್ಲ ಗೊತ್ತು, ಕೆಳಗಿನದು ಗೊತ್ತಿಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ ಎಣ್ಣೆಯ ದರ್ಜೆ ಜಿಎಲ್-4 ಎಂದು ಅಚ್ಚಾಗಿತ್ತು. ಅವಳಿಗೆ ಇದ್ದಕ್ಕಿದ್ದಂತೆ ಇನ್ನೊಂದು ಡಬ್ಬಿ ನೆನಪಾಯಿತು. ಗಂಡನ ಅಂಗಡಿಯ ಕೌಂಟರಿನ ಮೇಲೆ ಶೂ ಹಾಕುವ ಚಮಚಗಳನ್ನೆಲ್ಲ ನಿಲ್ಲಿಸಿಟ್ಟಿದ್ದ ಡಬ್ಬಿ. ಮಾವನ ಕೈ ಪ್ಲಾಸ್ಟರಿನಲ್ಲಿದ್ದಾಗ, ಎದ್ದ ಕೂಡಲೇ ಖುಷಿಯಾಗಲೆಂದು ಅವನು ಟೈರ್ ಅಂಗಡಿಯಲ್ಲಿ ಕಾರಿನ ಗೇರ್ ಎಣ್ಣೆ ಬದಲಾಯಿಸಿಕೊಂಡು ಬಂದಿದ್ದ.

ಅವಳು ಮೊಳೆ ಸುರಿದು, ಆ ಡಬ್ಬಿ ಹಿಡಿದು ಗಂಡನ ಅಂಗಡಿಗೆ ನಡೆದೇ ಹೋದಳು. ಗಂಡ ಒಬ್ಬ ಹೆಂಗಸಿನ ಕಾಲಿಗೆ ಚಪ್ಪಲಿ ಹಾಕಿ ನೋಡುತ್ತಿದ್ದ. ಅವಳು ಚಮಚಗಳನ್ನೆಲ್ಲ ಕೌಂಟರಿನ ಮೇಲೆ ಸುರಿದು ಡಬ್ಬಿ ತಿರುಗಿಸಿದಳು. ಜಿಎಲ್-5.

"ಏನ್ರೀ ಇದು?"

"ಎಣ್ಣೆ ಡಬ್ಬಿ. ಚೆನ್ನಾಗಿದೆ ಅಂತ ಇಟ್ಕೊಂಡೆ."

"ನಂಬರು ಯಾಕೆ ಐದು?"

"ನಾಲ್ಕೂ ಇತ್ತು, ಐದೂ ಇತ್ತು ಕಣೇ. ಮಾವನ ಗಾಡಿ ಅಲ್ವಾ, ಇರಲಿ ಅಂತ ಒಂದು ನಂಬರು ದೊಡ್ಡದೇ..." ಅಷ್ಟರಲ್ಲಿ ಅವಳ ಮುಖ ನೋಡಿ ಅವನ ಮಾತು ಅರ್ಧಕ್ಕೇ ನಿಂತಿತು.

"ಗೇರ್‌ಬಾಕ್ಸ್ ಬೆಳೆಯಲ್ಲ ರೀ!"

ಚಪ್ಪಲಿಗೆ ಬಂದಿದ್ದ ಹೆಂಗಸು ತನ್ನ ಕಾಲು ನೋಡಿಕೊಂಡು, "ನನಗೂ ಸರಿಯಾದ ನಂಬರೇ ಕೊಟ್ಟುಬಿಡಿ" ಎಂದಳು.

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂತಿದ್ದ ಅಂಗಡಿಯಮ್ಮ ಎರಡೂ ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. "ದಪ್ಪ ತೆಳು ಎಲ್ಲ ಸರಿಯಾಗೇ ಇದೆ. ಎಪ್ಪತ್ತೈದು ಡಬ್ಲ್ಯೂ ತೊಂಬತ್ತು. ಗುಣ ಮಾತ್ರ ಬೇರೆ. ಗೇರ್‌ಬಾಕ್ಸಿನೊಳಗೆ ಹಿತ್ತಾಳೆ ಉಂಗುರ ಇರುತ್ತಮ್ಮ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತುತ್ತಾ ಇದ್ರೆ, ಅದು ಉಜ್ಜಿ ಹಿಡಿದು ಎರಡನ್ನೂ ಒಂದೇ ವೇಗಕ್ಕೆ ತರುತ್ತೆ. ಆಮೇಲೇ ಹಲ್ಲಿಗೆ ಹಲ್ಲು ಕೂರೋದು. ಈ ಗಾಡಿಗೆ ಐದು ಹಾಕಿದ್ರೆ ಉಂಗುರ ಹಿಡೀದೆ ಜಾರುತ್ತೆ. ಬಹಳ ದಿನ ಬಿಟ್ರೆ ಹಿತ್ತಾಳೇನೂ ತಿನ್ನುತ್ತೆ."

"ಅಂದ್ರೆ ಐದು ಕೆಟ್ಟದ್ದಾ?" ಎಂದು ಗಂಡ ದೀನನಾಗಿ ಕೇಳಿದ.

"ಯಾರಪ್ಪ ಹೇಳಿದ್ದು? ಹಿಂದಿನ ಆಕ್ಸಲ್ಲಿಗೆ ಅದೇ ಬೇಕು. ಅಲ್ಲಿ ಹೊರೋ ಭಾರ ಬೇರೆ. ಇಲ್ಲಿ ಬೇಡ, ಅಷ್ಟೇ."

"ಡೇರೆ ಬಟ್ಟೆಗೆ ಹಾಕೋ ಸೋಪನ್ನ ರೇಷ್ಮೆಗೆ ಹಾಕಿದ ಹಾಗೆ" ಎಂದಳು ಮಗಳು. ಲಾಂಡ್ರಿಯ ಕಡೆಯಿಂದ ನೋಡಿದರೆ ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು.

"ಹಾಂ! ಹಾಗೇ." ಅಂಗಡಿಯಮ್ಮ ನಾಲ್ಕರ ಡಬ್ಬಿ, ತಾಮ್ರದ ಎರಡು ಹೊಸ ವಾಷರು, ಎಣ್ಣೆ ಏರಿಸುವ ಕೈಪಂಪು ಎಲ್ಲ ಕಟ್ಟಿಕೊಟ್ಟಳು. "ಎರಡು ಮಾತು ನೆನಪಿಟ್ಕೊಳ್ಳಿ. ಮೊದಲು ಮೇಲಿನ ಪ್ಲಗ್ಗು ಬಿಚ್ಚಿ, ಆಮೇಲೆ ಕೆಳಗಿಂದು. ಕೆಳಗಿಂದು ಬಿಚ್ಚಿ ಎಲ್ಲ ಸುರಿಸಿದ ಮೇಲೆ ಮೇಲಿಂದು ಬರಲ್ಲ ಅಂದ್ರೆ, ತುಂಬೋಕೆ ದಾರಿ ಇಲ್ಲ, ಗಾಡಿ ವಿಗ್ರಹ ಆಗಿಬಿಡುತ್ತೆ. ಇನ್ನೊಂದು, ಇಳಿಸಿದ ಎಣ್ಣೇನ ಚೆನ್ನಾಗಿ ನೋಡಿ. ಹಳದಿ ಮಿಂಚು ತುಂಬಿದ್ರೆ ಉಂಗುರ ಹೋಯ್ತು ಅಂತ. ಪ್ಲಗ್ಗಿನ ಆಯಸ್ಕಾಂತಕ್ಕೆ ಉಕ್ಕಿನ ಚೂರು ಅಂಟಿದ್ರೆ ಹಲ್ಲು ಹೋಯ್ತು ಅಂತ. ಆಗ ನಾಲ್ಕಲ್ಲ, ನಲವತ್ತು ಹಾಕಿದ್ರೂ ಅಷ್ಟೇ."

ಶನಿವಾರ ಮಧ್ಯಾಹ್ನ ಲಾಂಡ್ರಿಯಿಂದ ಬಂದವಳು ಸೀರೆ ಬದಲಾಯಿಸಿ ಗಂಡನ ಹಳೇ ಪ್ಯಾಂಟು ತೊಟ್ಟಳು. ಅದೂ ಒಂದು ನಂಬರು ದೊಡ್ಡದೇ. ಹಗ್ಗ ಕಟ್ಟಿಕೊಂಡಳು. ಎಣ್ಣೆ ಬಿಸಿಯಾಗಲೆಂದು ಕಾರನ್ನು ಒಂದು ಸುತ್ತು ಹೊಡೆಸಿ, ಎರಡು ಸಲ ಕರ್ರೆನ್ನಿಸಿ, ಶೆಡ್ಡಿನ ನೆಲದಲ್ಲಿದ್ದ ಗುಂಡಿಯ ಮೇಲೆ ಸಮನಾಗಿ ತಂದು ನಿಲ್ಲಿಸಿದಳು. ಕಾರಿನ ಕೆಳಗಿಳಿದು ರಿಪೇರಿ ಮಾಡಲೆಂದು ಡ್ರೈವಿಂಗ್ ಶಾಲೆಯ ಕಾಲದಲ್ಲಿ ತೋಡಿಸಿದ ಗುಂಡಿ ಅದು. ಅಪ್ಪ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಹಿಡಿದು ಕೂತರು.

"ಏನು ನಡೀತಾ ಇದೆ?"

"ಎಣ್ಣೆ ಬದಲಾಯಿಸ್ತಾ ಇದ್ದೀವಿ ಅಪ್ಪ."

"ಎಣ್ಣೆ ಮೇಲೆ ಯಾಕಮ್ಮ ದೂರು? ಬೀಳುವಾಗ ಎಣ್ಣೆ ಬಿತ್ತೋ, ನಾನು ಬಿದ್ನೋ?"

"ನೀವೇ ಬಿದ್ದಿದ್ದು. ಆದ್ರೆ ನೀವು ಮಲಗಿದ್ದಾಗ ನಿಮ್ಮ ಅಳಿಯಂದಿರು ಬೇರೆ ಎಣ್ಣೆ ಹಾಕಿಸಿದ್ರು."

ಗುಂಡಿಯೊಳಗಿಂದ ಅಳಿಯನ ಸ್ವರ ಬಂತು. "ಮಾವ, ಒಳ್ಳೇದಾಗಲಿ ಅಂತ..."

"ಗೊತ್ತು, ಅಳಿಯಂದಿರೇ. ನೀವು ತಲೆ ಕೆಡಿಸಿಕೊಳ್ಳಬೇಡಿ." ಮೇಷ್ಟ್ರು ಪೇಪರು ಮಡಿಸಲಿಲ್ಲ, ಹಾಳೆಯನ್ನೂ ತಿರುಗಿಸಲಿಲ್ಲ. "ಇದೆಲ್ಲ ನನ್ನ ಸಮಾಧಾನಕ್ಕೆ ಮಾಡ್ತಾ ಇದ್ದೀರಿ. ಕೈ ಹೋದದ್ದು ಹೋಯ್ತು."

ಅವರು ಆಸೆಪಡಲು ಹೆದರುತ್ತಿದ್ದಾರೆ ಎಂದು ಮಗಳಿಗೆ ಆಗ ಹೊಳೆಯಿತು. ಕೈ ಹೋಯಿತೆಂದು ಒಮ್ಮೆ ಒಪ್ಪಿಕೊಂಡಾಗಿದೆ. ಹೋಗಿಲ್ಲವೆಂದುಕೊಂಡು ಕೂತು, ಮತ್ತೆ ಕರ್ರೆಂದರೆ, ಎರಡನೇ ಸಲ ಒಪ್ಪಿಕೊಳ್ಳುವ ಶಕ್ತಿ ಅವರಲ್ಲಿಲ್ಲ. ಅವಳು ಗುಂಡಿಗಿಳಿದಳು.

ಮೇಲಿನ ಪ್ಲಗ್ಗು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಗಂಡ ಸ್ಪ್ಯಾನರಿಗೆ ಜೋತುಬಿದ್ದ. ಅವಳೂ ಜೋತುಬಿದ್ದಳು. ಟೈರ್ ಅಂಗಡಿಯ ಹುಡುಗರು ಯಾವ ಜನ್ಮದ ಸೇಡೋ ಎಂಬಂತೆ ಬಿಗಿದಿದ್ದರು.

"ಬಿಡೇ, ಕೆಳಗಿಂದೇ ಬಿಚ್ಚೋಣ" ಎಂದ ಗಂಡ ಬೆವರು ಒರೆಸಿಕೊಳ್ಳುತ್ತ.

"ಮುಟ್ಟಿದ್ರೆ ನೋಡಿ!"

ಅವಳು ಮೇಲೆ ಹತ್ತಿ ಹೋಗಿ ಮನೆಯ ಮುಂದೆ ನಿಂತಿದ್ದ ಲಾಂಡ್ರಿ ವ್ಯಾನಿನಿಂದ ಬಟ್ಟೆ ತೂಗುಹಾಕುವ ಕಬ್ಬಿಣದ ಕೊಳವೆಯನ್ನೇ ಬಿಚ್ಚಿ ತಂದಳು. ಸ್ಪ್ಯಾನರಿನ ಹಿಡಿಕೆಗೆ ಅದನ್ನು ತೊಡಿಸಿದರೆ ಕೈ ಇದ್ದಕ್ಕಿದ್ದಂತೆ ಒಂದು ಮಾರುದ್ದವಾಯಿತು. ಇಬ್ಬರೂ ಸೇರಿ ಎಳೆದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಟಪ್ ಎಂದು ಸದ್ದಾಗಿ ಇಬ್ಬರೂ ಗುಂಡಿಯ ಗೋಡೆಗೆ ಹೋಗಿ ಬಿದ್ದರು. ಪ್ಲಗ್ಗು ಸಡಿಲವಾಗಿತ್ತು.

"ಏನು ಮುರೀತು?" ಎಂದರು ಮೇಷ್ಟ್ರು. ಪೇಪರು ಈಗ ತೊಡೆಯ ಮೇಲಿತ್ತು.

"ಹಟ" ಎಂದಳು ಮಗಳು.

ಕೆಳಗಿನ ಪ್ಲಗ್ಗು ಬಿಚ್ಚುತ್ತಲೇ ಬಿಸಿ ಎಣ್ಣೆ ಬುಳಬುಳನೆ ತಟ್ಟೆಗೆ ಇಳಿಯಿತು. ಕೊಳೆತ ಮೊಟ್ಟೆಯಂಥ ಗಂಧಕದ ನಾತ ಶೆಡ್ಡನ್ನೆಲ್ಲ ತುಂಬಿತು. ಮೇಷ್ಟ್ರು ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಂಡರು, ಆದರೆ ಎದ್ದು ಹೋಗಲಿಲ್ಲ. ಮಗಳು ಲಾಂಡ್ರಿಯಿಂದ ತಂದಿದ್ದ ಬಿಳಿ ಬಟ್ಟೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ, ಬಾಗಿಲ ಬೆಳಕಿಗೆ ತಂದು ಹಿಡಿದಳು. ಕಲೆ ನೋಡುವುದೇ ಅವಳ ದಿನದ ಕೆಲಸ. ಸಾರಿನ ಕಲೆ, ಶಾಯಿಯ ಕಲೆ, ಯಾರೂ ಒಪ್ಪಿಕೊಳ್ಳದ ಕಲೆ. ಬಟ್ಟೆಯನ್ನು ಓರೆಯಾಗಿ ಹಿಡಿದು, ನೇರವಾಗಿ ಹಿಡಿದು, ಕಣ್ಣಿನ ಹತ್ತಿರ ತಂದು ನೋಡಿದಳು. ಕಂದು ಬಣ್ಣ. ಅಲ್ಲೊಂದು ಇಲ್ಲೊಂದು ಹಳದಿ ಕಣ, ಹುಡುಕಿದರೆ ಮಾತ್ರ ಕಾಣುವಷ್ಟು. ಪ್ಲಗ್ಗಿನ ತುದಿಯ ಆಯಸ್ಕಾಂತಕ್ಕೆ ಬೂದು ಬಣ್ಣದ ಕೆನೆ ಮೆತ್ತಿತ್ತು. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ ಉಜ್ಜಿದಳು. ಮುಖಕ್ಕೆ ಹಚ್ಚುವ ಕ್ರೀಮಿನಷ್ಟು ನುಣುಪು. ಒಂದೇ ಒಂದು ಚೂರೂ ಬೆರಳಿಗೆ ತಾಗಲಿಲ್ಲ.

"ಹಲ್ಲು ಗಟ್ಟಿಯಾಗಿದೆ ರೀ, ಉಂಗುರವೂ ಉಳಿದಿದೆ" ಎಂದಳು.

ಪ್ಲಗ್ಗು ಒರೆಸಿ, ಹೊಸ ವಾಷರು ಹಾಕಿ, ಕೆಳಗಿನದನ್ನು ಮುಚ್ಚಿ, ಮೇಲಿನ ತೂತಿಗೆ ಕೊಳವೆ ಇಟ್ಟು ನಾಲ್ಕರ ಎಣ್ಣೆಯನ್ನು ಪಂಪು ಮಾಡಿದರು. ಜೇನಿನ ಬಣ್ಣದ ಎಣ್ಣೆ. ತುಂಬಿ, ತೂತಿನ ಅಂಚಿನಿಂದ ಒಂದು ಎಳೆಯಾಗಿ ಹೊರಗೆ ಹರಿಯತೊಡಗಿದಾಗ ಅವಳು "ಸಾಕು" ಎಂದಳು.

"ಇನ್ನು ಸ್ವಲ್ಪ ಉಳಿದಿದೆಯಲ್ಲೇ. ಇರಲಿ ಅಂತ..." ಗಂಡ ಅಭ್ಯಾಸಬಲದಿಂದ ಬಾಯಿ ತೆರೆದವನು ತಾನೇ ಮುಚ್ಚಿಕೊಂಡ. ಮೇಲಿನ ಪ್ಲಗ್ಗನ್ನು ಅವನೇ ಬಿಗಿದ. ಎಷ್ಟು ಬೇಕೋ ಅಷ್ಟು.

"ಅಪ್ಪ, ಒಂದು ಸುತ್ತು ಹೋಗಿ ಬನ್ನಿ."

"ನೀನೇ ಹೋಗಮ್ಮ."

"ನಾನು ಹೋಗಲ್ಲ. ನನ್ನ ಕೈ ಸಾಕ್ಷಿಗೆ ಬರಲ್ಲವಲ್ಲ."

ಮೇಷ್ಟ್ರು ಕುರ್ಚಿ ಮಡಿಸಿಕೊಂಡು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಚಳಿಯಿತ್ತು. ಸದ್ದು ಜಾಸ್ತಿ ಬರುತ್ತಿದ್ದದ್ದೂ ಇಂಥ ಚಳಿಯಲ್ಲೇ. ಹಲ್ಲಿನ ಡಾಕ್ಟರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದರು, ಹೊಸ ಕೈಗವಸು ಹಾಕಿಕೊಂಡು. ಆಟಿಕೆ ಸಿಗುವ ಮಗುವಿನ ಮುಖ. ಅಳಿಯ ಅವರಿಗೆ ಚಹಾ ಕೊಟ್ಟು ಕೂರಿಸಿದ. ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯಲೆಂದು ಮೇಷ್ಟ್ರು ಹತ್ತಿ ಕೂತರೆ, ಪಕ್ಕದ ಸೀಟಿನಲ್ಲಿ ಆಗಲೇ ಮಗಳು ಕೂತಿದ್ದಳು.

"ನೀನ್ಯಾಕೆ ಇಲ್ಲಿ?"

"ಕೊನೇ ಸಲ ಒಂದು ಸುತ್ತು. ಬೇಕರಿವರೆಗೆ. ಆಮೇಲೆ ಕೊಟ್ಟುಬಿಡಿ, ನಾನು ತುಟಿ ಬಿಚ್ಚಲ್ಲ."

"ಬೇಕರಿವರೆಗೇ ಬೇಕಾ?" ಎಂದರು ಅಪ್ಪ. ಆದರೂ ಎಂಜಿನ್ನು ಹತ್ತಿಸಿದರು.

ಕಾರು ಬೀದಿಗಿಳಿಯಿತು. ಮೊದಲನೇ ಗೇರಿನಲ್ಲಿ ಎಂಜಿನ್ನಿನ ದನಿ ಏರುತ್ತ ಹೋಯಿತು. ಇನ್ನು ಬದಲಾಯಿಸಲೇಬೇಕು. ಅಪ್ಪನ ಭುಜ ಮೇಲೆದ್ದು ಬಿಗಿಯಿತು. ಇಂಜೆಕ್ಷನ್ನಿಗೆ ತೋಳೊಡ್ಡಿದವರ ಹಾಗೆ ಮುಖ ಕಿವುಚಿಕೊಂಡು, ಕ್ಲಚ್ ಒತ್ತಿ, ಗೇರು ಕೋಲನ್ನು ಹಿಂದಕ್ಕೆ ಕರೆದರು.

ಏನೂ ಕೇಳಿಸಲಿಲ್ಲ.

ಗೇರು ಬಿದ್ದೇ ಇಲ್ಲವೆಂದುಕೊಂಡು ಅವರು ಕೋಲಿನ ಕಡೆ ನೋಡಿದರು. ಬಿದ್ದಿತ್ತು. ಕಾರು ಎರಡನೇ ಗೇರಿನಲ್ಲಿ ಸುಮ್ಮನೆ ಓಡುತ್ತಿತ್ತು. ಅವರು ಮೂರಕ್ಕೆ ಹಾಕಿ, ಮತ್ತೆ ಎರಡಕ್ಕೆ ತಂದರು. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ. ಮತ್ತೆ ಮೂರು, ಮತ್ತೆ ಎರಡು. ಬೇಕರಿಯ ಮುಂದೆ ಬಂದಾಗ ಬೇಕೆಂದೇ ನಿಧಾನ ಮಾಡಿ, ಮೊದಲನೆಯದಕ್ಕಿಳಿಸಿ, ಮತ್ತೆ ಎರಡಕ್ಕೆ ಏರಿಸಿದರು. ಬೇಕರಿಯವನು ಅಭ್ಯಾಸದಂತೆ ತಲೆ ಹೊರಗೆ ಹಾಕಿದ. ಏನೂ ಸದ್ದಾಗದ್ದನ್ನು ಕಂಡು ಪೂರ್ತಿ ಹೊರಗೇ ಬಂದು, ಹಿಟ್ಟು ಮೆತ್ತಿದ ಎರಡೂ ಕೈ ಎತ್ತಿ ಬೀಸಿದ.

"ನೋಡಿದ್ಯಾ ಅವನನ್ನ!" ಅಪ್ಪ ನಗತೊಡಗಿದ್ದರು. "ಕೈ ಹೋಗಿರಲಿಲ್ಲ ಕಣೇ. ಕೈ ಇಲ್ಲೇ ಇತ್ತು!"

"ಅಪ್ಪ, ಬೇಕರಿ ದಾಟಿತು. ಡಾಕ್ಟರು ಕಾಯ್ತಿದ್ದಾರೆ."

"ಕಾಯಲಿ. ನಮ್ಮನ್ನ ಎಷ್ಟು ಹೊತ್ತು ಬಾಯಿ ತೆರೆಸಿ ಕಾಯಿಸಿಲ್ಲ ಅವರು!"

ಕಾರು ಗುಡ್ಡದ ರಸ್ತೆಗೆ ತಿರುಗಿತು. ಒಂದೊಂದು ತಿರುವಿಗೂ ಎರಡು, ಬಿಚ್ಚಿಕೊಂಡ ದಾರಿಗೆ ಮೂರು, ಮತ್ತೆ ತಿರುವು, ಮತ್ತೆ ಎರಡು. ಎಂಜಿನ್ನು ಹಾಡುತ್ತಿತ್ತು. ಅವಳು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ನೋಡಿದಳು. ಗೇರು ಯಾವಾಗ ಬದಲಾಯಿತೆಂದು ಗೊತ್ತೇ ಆಗುತ್ತಿರಲಿಲ್ಲ.

ಗುಡ್ಡದ ತುದಿಯಲ್ಲಿ ಅಪ್ಪ ಕಾರು ನಿಲ್ಲಿಸಿ ಇಳಿದರು. ಸುತ್ತು ಬಳಸಿ ಬಂದು ಅವಳ ಕಡೆಯ ಬಾಗಿಲು ತೆರೆದರು.

"ಆ ಕಡೆ ಹೋಗು."

"ನಾನಾ?"

"ಎಣ್ಣೆ ಹಾಕಿದವಳು ನೀನು. ನಡೆಸಿ ತೋರಿಸು."

ದಿನವೂ ವ್ಯಾನು ಓಡಿಸುವವಳು, ಎರಡು ಮಕ್ಕಳ ತಾಯಿ, ಮತ್ತೆ ಹದಿನೆಂಟರ ಹುಡುಗಿಯಾಗಿ ಸೀಟು ಮುಂದಕ್ಕೆಳೆದುಕೊಂಡಳು. ಮೊದಲನೇ ಗೇರು. ಕಾರು ಹೊರಟಿತು. ಅಪ್ಪ ಪಕ್ಕದಲ್ಲಿ ಕೂತು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಅವರ ಕಾಲು ಅಲ್ಲಿಲ್ಲದ ಬ್ರೇಕಿನ ಮೇಲಿತ್ತು. ಅವಳು ಕ್ಲಚ್ ಒತ್ತಿ, ಅವಸರವನ್ನೆಲ್ಲ ನುಂಗಿಕೊಂಡು, ಎರಡನೇ ಗೇರನ್ನು ಕರೆದಳು. ಅದು ಬಂತು. ಕೇಳದ ಹಾಗೆ ಬಂತು.

ಒಂದು ತಿರುವು ಕಳೆಯಿತು, ಇನ್ನೊಂದು ಕಳೆಯಿತು. ಕೆಳಗೆ ಊರು ಕಾಣಿಸಿತು, ತಮ್ಮ ಮನೆಯ ಮುಂದೆ ಚಹಾದ ಲೋಟ ಹಿಡಿದು ನಿಂತ ಎರಡು ಚಿಕ್ಕ ಆಕೃತಿಗಳೂ ಕಾಣಿಸಿದವು, ಒಂದಕ್ಕೆ ಕೈಗವಸಿತ್ತು.

"ಡಾಕ್ಟರಿಗೆ ಏನು ಹೇಳ್ತೀರಿ?" ಎಂದಳು, ಕಣ್ಣು ರಸ್ತೆಯ ಮೇಲೇ ಇಟ್ಟು.

"ಬೇಡ ಅನ್ನಿಸಿದ ದಿನ ಕೊಡಿ ಅಂದಿದ್ರಲ್ಲ. ಇವತ್ತು ಬೇಕು ಅನ್ನಿಸ್ತಿದೆ ಅಂತೀನಿ." ಆಮೇಲೆ, "ಒಂದು ಸುತ್ತು ಓಡಿಸೋಕೆ ಕೊಡೋಣ ಪಾಪ, ಕೈಗವಸು ಕೊಂಡಿದ್ದಾರೆ" ಎಂದರು.

ಬೀದಿಗೆ ತಿರುಗುವಲ್ಲಿ ಅವಳು ಮೂರರಿಂದ ಎರಡಕ್ಕೆ ಇಳಿಸಿದಳು. ಬೇಕರಿಯವನು ತಲೆಯೆತ್ತಲಿಲ್ಲ. ಅವನಿಗೆ ಕೇಳಿಸಿಯೇ ಇರಲಿಲ್ಲ.

ಆಗ ಅಪ್ಪ ಪ್ಲಾಸ್ಟರಿನಿಂದ ಹೊರಬಂದ ಆ ಕೈಯನ್ನು ಮುಂದೆ ಚಾಚಿ, ಬೆರಳಿನ ಗೆಣ್ಣಿನಿಂದ ಡ್ಯಾಶ್‌ಬೋರ್ಡನ್ನು ಕುಟ್ಟಿದರು.

ಟಕ್ ಟಕ್.